ಈ ಲೇಖನಕ್ಕೆ ಕಾಸು ಕೊಟ್ಟವರು ಯಾರು?

ಸರ್ಕಾರಗಳು ಬೇರೆ ದೇಶದ ಪಿಆರ್ (ಸಾರ್ವಜನಿಕ ಸಂಪರ್ಕ) ಕಂಪನಿಗಳಿಗೆ ದುಡ್ಡು ಕೊಟ್ಟು ತಮ್ಮ ಪರವಾಗಿ ಅಭಿಪ್ರಾಯ ಕಟ್ಟಿಸಿಕೊಳ್ಳುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದ ಮೇಲೆ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಕೆಲವರು ಸಿಟ್ಟಿನಿಂದ ಬರೆದಿದ್ದಾರೆ, ಕೆಲವರು ನಂಬಲು ತಯಾರಿಲ್ಲ. ಒಬ್ಬರು ಮಾತ್ರ ತಮ್ಮ ಮನೆಯ ವಿಷಯವನ್ನೇ ಕೇಳಿದ್ದಾರೆ. ಅವರಿಗೆ ಕೊನೆಯಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ಸರ್ಕಾರಕ್ಕೆ ವಿದೇಶಾಂಗ ಇಲಾಖೆ ಇದೆ, ರಾಯಭಾರಿಗಳಿದ್ದಾರೆ, ವಕ್ತಾರರಿದ್ದಾರೆ. ಹಾಗಿದ್ದ ಮೇಲೆ ಹೊರಗಿನ ಕಂಪನಿಗೆ ಅಷ್ಟೊಂದು ದುಡ್ಡು ಸುರಿಯೋದು ಯಾಕೆ? ಆ ಕಂಪನಿಯವರು ಮಾಡುವ ಕೆಲಸವಾದರೂ ಏನು?

ಉತ್ತರ: ರಾಯಭಾರಿ ಬಾಯಿ ಬಿಟ್ಟರೆ ಅದು ಅವರ ಸರ್ಕಾರದ ಮಾತು ಅಂತ ಎಲ್ಲರಿಗೂ ಗೊತ್ತು. ಅದೇ ಮಾತನ್ನು ಒಬ್ಬ ಪ್ರೊಫೆಸರೋ, ನಿವೃತ್ತ ಸೇನಾಧಿಕಾರಿಯೋ, ಮಾಜಿ ಸಂಸದರೋ ಹೇಳಿದರೆ ಜನ ಕಿವಿಗೊಡುತ್ತಾರೆ. ಸರ್ಕಾರ ದುಡ್ಡು ಕೊಡುವುದು ಹೆಚ್ಚಾಗಿ ಈ ಬೇರೆಯವರ ಬಾಯಿಗೆ. ಅದರ ಜೊತೆಗೆ ಪರಿಚಯಗಳಿಗೆ. ಯಾವ ಸಂಸದ ಯಾವ ಸಮಿತಿಯಲ್ಲಿದ್ದಾರೆ, ಯಾವ ಸಂಪಾದಕರು ಫೋನ್ ಎತ್ತುತ್ತಾರೆ, ಯಾವ ಪತ್ರಕರ್ತರನ್ನು ಪ್ರವಾಸಕ್ಕೆ ಕರೆದರೆ ಬರುತ್ತಾರೆ, ಇದೆಲ್ಲ ಆ ಊರಲ್ಲೇ ವರ್ಷಗಟ್ಟಲೆ ಇದ್ದವರಿಗೆ ಗೊತ್ತಿರುವ ವಿಷಯ. ಹಾಗಾಗಿ ಇಂಥ ಕಂಪನಿಗಳಲ್ಲಿ ಮಾಜಿ ಪತ್ರಕರ್ತರು, ಮಾಜಿ ಅಧಿಕಾರಿಗಳು ಜಾಸ್ತಿ. ಸಚಿವರು ಸಂದರ್ಶನಕ್ಕೆ ಕೂರುವ ಮುಂಚೆ ಅವರಿಗೆ ತಾಲೀಮು ಕೊಡುವುದು, ಲೇಖನ ಬರೆದು ಇನ್ನೊಬ್ಬರ ಹೆಸರಲ್ಲಿ ಹಾಕಿಸುವುದು, ವಿಚಾರ ಸಂಕಿರಣ ನಡೆಸುವುದು, ಕೆಟ್ಟ ಸುದ್ದಿ ಬಂದ ರಾತ್ರಿ ಎಲ್ಲ ಸುದ್ದಿಮನೆಗಳಿಗೂ ಫೋನ್ ಮಾಡುವುದು, ಇವು ಅವರ ದಿನದ ಕೆಲಸ.

ನಾನು ಇದನ್ನು ಹತ್ತಿರದಿಂದ ನೋಡಿದ್ದೇನೆ. ಬಹಳ ವರ್ಷದ ಹಿಂದೆ ಅಭಿಪ್ರಾಯ ಪುಟ ನೋಡಿಕೊಳ್ಳುತ್ತಿದ್ದಾಗ ಒಂದು ಲೇಖನ ಬಂತು. ಒಂದು ದೇಶದ ಸರ್ಕಾರ ತಂದ ಸುಧಾರಣೆಗಳ ಬಗ್ಗೆ, ಒಬ್ಬ ‘ಸ್ವತಂತ್ರ ವಿಶ್ಲೇಷಕ’ರ ಹೆಸರಲ್ಲಿ. ಭಾಷೆ ಚೆನ್ನಾಗಿತ್ತು, ಉದ್ದ ಸರಿಯಾಗಿ ನಮ್ಮ ಪುಟದ ಅಳತೆಗೆ ಕೂರುವಷ್ಟಿತ್ತು, ಫೋಟೋ ಕೂಡ ಜೊತೆಗೇ ಇತ್ತು. ಪುಟ ಮುಗಿಸುವ ಗಡಿಬಿಡಿಯಲ್ಲಿದ್ದೆ, ಹಾಕಿಬಿಟ್ಟೆ. ಎರಡು ವಾರದ ನಂತರ ಇನ್ನೊಂದು ಪತ್ರಿಕೆಯಲ್ಲಿದ್ದ ಗೆಳೆಯ ಅವರ ಪುಟ ತಂದು ಮುಂದಿಟ್ಟ. ಮೂರು ಪ್ಯಾರಾ ಒಂದು ಕಾಮಾ ಕೂಡ ಬದಲಾಗದೆ ಹಾಗೇ ಇತ್ತು, ಬರೆದವರ ಹೆಸರು ಮಾತ್ರ ಬೇರೆ. ಲೇಖನ ಕಳಿಸಿದ್ದ ಏಜೆನ್ಸಿಗೆ ಫೋನ್ ಮಾಡಿದರೆ ಆ ಕಡೆಯಿದ್ದ ಹುಡುಗಿ ಸಹಜವಾಗಿ, ‘ಇಬ್ಬರೂ ನಮ್ಮ ಪ್ಯಾನೆಲ್‌ನಲ್ಲೇ ಇದ್ದಾರೆ ಸಾರ್’ ಅಂದಳು. ಓದುಗರಿಗೆ ನಾನು ಆ ಸರ್ಕಾರದ ಜಾಹೀರಾತನ್ನು ಅಭಿಪ್ರಾಯ ಅಂತ ಹೇಳಿ ಬಡಿಸಿದ್ದೆ. ಇವತ್ತಿಗೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ಪ್ರಶ್ನೆ: ಇದೆಲ್ಲ ಇಂಟರ್‌ನೆಟ್ ಬಂದ ಮೇಲೆ ಶುರುವಾದದ್ದಲ್ವಾ?

ಉತ್ತರ: ಅಲ್ಲ. ಪಿಆರ್ ವೃತ್ತಿ ಎಷ್ಟು ಹಳೆಯದೋ ಇದೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಅಮೆರಿಕದಲ್ಲಿ ಈ ವೃತ್ತಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಐವಿ ಲೀ. ಅವರು ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಯಿಂದ ವರ್ಷಕ್ಕೆ 25,000 ಡಾಲರ್ ಪಡೆದು, ಹಿಟ್ಲರ್ ಕಾಲದ ಜರ್ಮನಿಯ ಬಗ್ಗೆ ಅಮೆರಿಕದ ಜನ ಏನು ಯೋಚಿಸುತ್ತಾರೆ, ಅದಕ್ಕೆ ಏನು ಮಾಡಬೇಕು ಎಂದು ಸಲಹೆ ಕೊಡುತ್ತಿದ್ದರು. 1934ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಅವರನ್ನು ಕರೆಸಿ ವಿಚಾರಿಸಿತು. ಅದೇ ವರ್ಷ ಅವರು ತೀರಿಕೊಂಡರು. ಜರ್ಮನಿಯ ಪ್ರವಾಸೋದ್ಯಮ ಕಚೇರಿಗೆ ಕೆಲಸ ಮಾಡುತ್ತಿದ್ದ ಕಾರ್ಲ್ ಬೈಯರ್ ಕಂಪನಿಯ ವಿಷಯವೂ ಅದೇ ಸಮಿತಿಯ ಮುಂದೆ ಬಂತು. ಈ ವಿಚಾರಣೆಗಳಿಂದಲೇ 1938ರಲ್ಲಿ ‘ವಿದೇಶಿ ಏಜೆಂಟರ ನೋಂದಣಿ ಕಾಯ್ದೆ’ ಹುಟ್ಟಿತು. ಫಾರಾ ಅಂತ ಕರೆಯುತ್ತಾರಲ್ಲ, ಅದೇ. ಕಾಯ್ದೆ ಇಂಥ ಕೆಲಸವನ್ನು ನಿಷೇಧಿಸಲಿಲ್ಲ. ಮಾಡಿ, ಆದರೆ ಯಾರಿಗಾಗಿ ಮಾಡುತ್ತಿದ್ದೀರಿ, ಎಷ್ಟು ದುಡ್ಡಿಗೆ ಮಾಡುತ್ತಿದ್ದೀರಿ ಅಂತ ಬರೆದುಕೊಡಿ ಎಂದಿತು.

ಸರ್ಕಾರಗಳಷ್ಟೇ ಅಲ್ಲ, ಇನ್ನೂ ದೇಶವಾಗಬೇಕು ಅಂತ ಹೋರಾಡುತ್ತಿದ್ದವರೂ ಇದೇ ದಾರಿ ಹಿಡಿದಿದ್ದಾರೆ. ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಯಾಫ್ರಾ 1968ರಿಂದ ಜಿನೀವಾದ ಮಾರ್ಕ್‌ಪ್ರೆಸ್ ಎಂಬ ಸಂಸ್ಥೆಯ ಮೂಲಕ ಜಗತ್ತಿಗೆ ಸುದ್ದಿ ಕಳಿಸುತ್ತಿತ್ತು. ಅಲ್ಲಿನ ಮಕ್ಕಳ ಹಸಿವು ಸುಳ್ಳಲ್ಲ, ಅದು ಕಣ್ಣೆದುರಿಗಿದ್ದ ಸತ್ಯ. ಆ ಸತ್ಯ ಸುದ್ದಿಮನೆಗಳಿಗೆ ತಲುಪುವುದಕ್ಕೂ ಒಂದು ಕಂಪನಿ ಬೇಕಾಯಿತು. ಈ ವಿಷಯ ನಾವು ಅಂದುಕೊಂಡಷ್ಟು ಸರಳ ಅಲ್ಲ ಅನ್ನೋದಕ್ಕೆ ಈ ಉದಾಹರಣೆ ಕೊಟ್ಟೆ.

ಪ್ರಶ್ನೆ: ಕುವೈತ್ ಹುಡುಗಿಯೊಬ್ಬಳು ಅಳುತ್ತಾ ಹೇಳಿದ ಸುಳ್ಳಿನಿಂದ ಕೊಲ್ಲಿ ಯುದ್ಧವೇ ನಡೆಯಿತು ಅಂತ ಎಲ್ಲರೂ ಹೇಳುತ್ತಾರೆ. ನಾನು ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ಮಕ್ಕಳು ಕೇಳಿದರೆ ಏನು ಹೇಳಬೇಕು? ನಿಜಕ್ಕೂ ನಡೆದದ್ದೇನು?

ಉತ್ತರ: ಮೇಷ್ಟ್ರೇ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಸುಮ್ನೆ ಒಂದು ಸಾಲಲ್ಲಿ ಹೇಳಿದರೆ ಇನ್ನೊಂದು ಸುಳ್ಳು ಹುಟ್ಟಿಕೊಳ್ಳುತ್ತದೆ.

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಕೆಲವೇ ದಿನಗಳಲ್ಲಿ ಅಮೆರಿಕದಲ್ಲಿ ‘ಸಿಟಿಜನ್ಸ್ ಫಾರ್ ಎ ಫ್ರೀ ಕುವೈತ್’ ಎಂಬ ಸಂಘಟನೆ ಎದ್ದು ನಿಂತಿತು. ಹೆಸರು ಕೇಳಿದರೆ ನಾಗರಿಕರು ಚಂದಾ ಎತ್ತಿ ಕಟ್ಟಿಕೊಂಡ ಸಂಘ ಅನ್ನಿಸುತ್ತದೆ. ಆದರೆ ಅದಕ್ಕೆ ಬಂದ ಸುಮಾರು 1.2 ಕೋಟಿ ಡಾಲರಿನಲ್ಲಿ ಬಿಡಿ ಜನರಿಂದ ಬಂದದ್ದು 18,000 ಡಾಲರ್‌ಗಿಂತ ಕಡಿಮೆ. ಮಿಕ್ಕಿದ್ದೆಲ್ಲ ಕುವೈತ್ ಸರ್ಕಾರದ್ದು. ಅದರಲ್ಲಿ 1 ಕೋಟಿ ಡಾಲರಿಗೂ ಹೆಚ್ಚು ಹಣ ಹಿಲ್ ಅಂಡ್ ನೋಲ್ಟನ್ ಎಂಬ ದೊಡ್ಡ ಪಿಆರ್ ಕಂಪನಿಗೆ ಹೋಯಿತು.

ಅಕ್ಟೋಬರ್ 10ರಂದು ವಾಷಿಂಗ್ಟನ್‌ನಲ್ಲಿ, ಸಂಸದರ ಮಾನವ ಹಕ್ಕುಗಳ ಗುಂಪೊಂದರ ಮುಂದೆ 15 ವರ್ಷದ ಹುಡುಗಿ ಬಂದು ಕೂತಳು. ಹೆಸರು ನಯೀರಾ ಅಂತಷ್ಟೇ ಹೇಳಿದರು. ಪೂರ್ತಿ ಹೆಸರು ಹೇಳಿದರೆ ಕುವೈತಿನಲ್ಲಿರುವ ಮನೆಯವರಿಗೆ ಅಪಾಯ ಎಂದರು. ತಾನು ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿದ್ದಾಗ ಇರಾಕಿ ಸೈನಿಕರು ಬಂದೂಕು ಹಿಡಿದು ಬಂದರು, ಹಸುಗೂಸುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಗಳಿಂದ ಅವನ್ನು ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರು ಎಂದು ಆಕೆ ಅಳುತ್ತಾ ಹೇಳಿದಳು. ಅಲ್ಲಿದ್ದ ಒಂದು ಕ್ಯಾಮೆರಾ ತಂಡ ಟಿವಿ ವಾಹಿನಿಯದ್ದಲ್ಲ, ಹಿಲ್ ಅಂಡ್ ನೋಲ್ಟನ್ ಕಳಿಸಿದ್ದು. ಅವರು ತೆಗೆದ ದೃಶ್ಯವನ್ನು ಕತ್ತರಿಸಿ ಜೋಡಿಸಿ, ಹಾಗೇ ಪ್ರಸಾರ ಮಾಡಬಹುದಾದ ಸಿದ್ಧ ಸುದ್ದಿಯಾಗಿ ಮಾಡಿ ಸುಮಾರು 700 ಟಿವಿ ಕೇಂದ್ರಗಳಿಗೆ ತಲುಪುವಂತೆ ಕಳಿಸಿದರು. ಅಧ್ಯಕ್ಷ ಬುಷ್ ಆ ಕಥೆಯನ್ನು ಮತ್ತೆ ಮತ್ತೆ ಹೇಳಿದರು. ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನಂಥ ಮಾನವ ಹಕ್ಕುಗಳ ಸಂಸ್ಥೆ ಕೂಡ ಮೊದಲು ನಂಬಿ, ಆಮೇಲೆ ಮಾತು ಹಿಂದಕ್ಕೆ ಪಡೆಯಿತು. 1991ರ ಜನವರಿ 12ರಂದು ಅಮೆರಿಕದ ಸೆನೆಟ್ 52–47 ಮತಗಳಿಂದ ಯುದ್ಧಕ್ಕೆ ಒಪ್ಪಿತು. ಅಂತರ ಬರೀ ಐದು.

ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಎಂಬ ವಿಷಯವನ್ನು 1992ರ ಜನವರಿಯಲ್ಲಿ, ಅಂದರೆ ಯುದ್ಧ ಮುಗಿದು ತಿಂಗಳುಗಳಾದ ಮೇಲೆ, ಜಾನ್ ಮ್ಯಾಕ್‌ಆರ್ಥರ್ ಎಂಬ ಪತ್ರಕರ್ತ ಬಯಲಿಗೆ ತಂದರು. ಯುದ್ಧದ ನಂತರ ಕುವೈತಿನ ಆಸ್ಪತ್ರೆಗಳಿಗೆ ಹೋಗಿ ವಿಚಾರಿಸಿದವರಿಗೆ, ಸೈನಿಕರು ಮಕ್ಕಳನ್ನು ಇನ್‌ಕ್ಯುಬೇಟರಿನಿಂದ ಎತ್ತಿಹಾಕಿ ಕೊಂದರು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ಇನ್ನೊಂದು ಸೂಕ್ಷ್ಮ ಗಮನಿಸಿ. ಆಕೆ ಮಾತಾಡಿದ್ದು ಸಂಸತ್ತಿನ ಅಧಿಕೃತ ಸಮಿತಿಯ ಮುಂದೆ ಅಲ್ಲ. ಆ ಗುಂಪಿನ ಮುಂದೆ ಪ್ರಮಾಣ ಮಾಡಬೇಕಿರಲಿಲ್ಲ, ಸುಳ್ಳು ಹೇಳಿದರೆ ಅದು ಸುಳ್ಳುಸಾಕ್ಷಿಯ ಅಪರಾಧವೂ ಆಗುತ್ತಿರಲಿಲ್ಲ. ಆದರೆ ಟಿವಿಯಲ್ಲಿ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಹಾಗಂತ ಮಕ್ಕಳಿಗೆ ‘ಈ ಸುಳ್ಳಿನಿಂದಲೇ ಯುದ್ಧವಾಯಿತು’ ಅಂತ ಹೇಳಬೇಡಿ. ಇರಾಕ್ ಕುವೈತನ್ನು ಆಕ್ರಮಿಸಿದ್ದು ನಿಜ, ಅಲ್ಲಿ ಜನರನ್ನು ಹಿಂಸಿಸಿ ಕೊಂದದ್ದೂ ನಿಜ. ತೈಲದ ಲೆಕ್ಕ ಇತ್ತು, ವಿಶ್ವಸಂಸ್ಥೆಯ ನಿರ್ಣಯಗಳಿದ್ದವು. ನನಗೆ ನೋವಾಗುವುದು ಇಲ್ಲೇ. ಹೇಳಲು ನಿಜವಾದ ಸಂಕಟ ಬೇಕಾದಷ್ಟಿತ್ತು. ಅದರ ನಡುವೆ ಪುರಾವೆಯಿಲ್ಲದ ಒಂದು ಕಥೆಯನ್ನು ತಂದಿಟ್ಟರು, ಹೇಳಿದವಳು ಯಾರು ಅನ್ನೋದನ್ನು ಮುಚ್ಚಿಟ್ಟರು. ಈಗ ಮೂವತ್ತು ವರ್ಷ ದಾಟಿದೆ. ಎಲ್ಲಾದರೂ ಮಕ್ಕಳು ಸತ್ತರು ಅಂತ ಸುದ್ದಿ ಬಂದರೆ ‘ಇದೂ ಇನ್‌ಕ್ಯುಬೇಟರ್ ಕಥೆ ಇರಬೇಕು’ ಅನ್ನುವವರು ಸಿಗುತ್ತಾರೆ. ಆ ಸುಳ್ಳಿನ ಬೆಲೆಯನ್ನು ಅದಕ್ಕೆ ಸಂಬಂಧವೇ ಇಲ್ಲದ ತಾಯಂದಿರು ಕೊಡುತ್ತಿದ್ದಾರೆ.

ಪ್ರಶ್ನೆ: ನೀವು ಇದನ್ನು ಮಹಾ ಪಾಪ ಅನ್ನುವ ಹಾಗೆ ಬರೆದಿದ್ದೀರಿ. ತನ್ನ ಪರ ವಾದ ಮಂಡಿಸಲು ವಕೀಲರನ್ನು ಇಟ್ಟುಕೊಳ್ಳುವುದಿಲ್ಲವೇ? ದೇಶಗಳೂ ಹಾಗೇ. ಭಾರತವೂ ಮಾಡಿದೆ ಅಂತ ಕೇಳಿದ್ದೇನೆ.

ಉತ್ತರ: ಹೌದು, ಮಾಡಿದೆ. 2005ರಲ್ಲಿ ಅಮೆರಿಕದ ಜೊತೆ ಅಣು ಒಪ್ಪಂದದ ಮಾತುಕತೆ ನಡೆಯುತ್ತಿದ್ದಾಗ, ಅಲ್ಲಿನ ಸಂಸದರ ಮನವೊಲಿಸಲು ಭಾರತದ ರಾಯಭಾರ ಕಚೇರಿ ಬಾರ್ಬರ್ ಗ್ರಿಫಿತ್ ಅಂಡ್ ರೋಜರ್ಸ್ ಎಂಬ ಲಾಬಿ ಕಂಪನಿಯನ್ನು ನೇಮಿಸಿಕೊಂಡಿತು. ಅದಕ್ಕೆ ಸ್ವಲ್ಪ ಮುಂಚೆ ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ರಾಬರ್ಟ್ ಬ್ಲ್ಯಾಕ್‌ವಿಲ್ ಆ ಕಂಪನಿಯಲ್ಲಿದ್ದರು. ಇದು ಗುಟ್ಟಾಗಿ ನಡೆದದ್ದಲ್ಲ, ಅಮೆರಿಕದ ನ್ಯಾಯ ಇಲಾಖೆಯ ದಾಖಲೆಯಲ್ಲಿದೆ. ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ನಿಮ್ಮ ವಕೀಲರ ಹೋಲಿಕೆ ಒಳ್ಳೆಯದೇ, ಅದನ್ನೇ ಮುಂದುವರಿಸೋಣ. ಕೋರ್ಟಿನಲ್ಲಿ ವಕೀಲರು ಯಾರ ಪರ ಅಂತ ಮೊದಲೇ ಹೇಳಿ ನಿಲ್ಲುತ್ತಾರೆ. ಸಾಕ್ಷಿಯ ಕಟಕಟೆ ಹತ್ತಿ, ‘ನಾನು ದಾರಿಹೋಕ, ಕಂಡದ್ದು ಹೇಳುತ್ತಿದ್ದೇನೆ’ ಅನ್ನುವುದಿಲ್ಲ. 2013ರ ಸೆಪ್ಟೆಂಬರಿನಲ್ಲಿ ಸಿರಿಯಾ ಮೇಲೆ ದಾಳಿ ಬೇಡ ಅಂತ ಪುಟಿನ್ ಹೆಸರಲ್ಲೇ ಒಂದು ಲೇಖನ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಅದನ್ನು ಪತ್ರಿಕೆಗೆ ತಲುಪಿಸಿದ್ದು ಕೆಚಮ್ ಎಂಬ ಅಮೆರಿಕದ ಪಿಆರ್ ಕಂಪನಿ. ಅಲ್ಲಿ ಹೇಳಿದ್ದನ್ನು ನೀವು ಒಪ್ಪಿ, ಬಿಡಿ, ಮಾತಾಡುತ್ತಿರುವವರು ಯಾರು ಅನ್ನೋದರಲ್ಲಿ ಅನುಮಾನ ಇರಲಿಲ್ಲ. ಇದರ ಪಕ್ಕದಲ್ಲಿ ಮಲೇಷ್ಯಾದ ಪ್ರಕರಣ ಇಟ್ಟು ನೋಡಿ. 2008ರಿಂದ 2011ರವರೆಗೆ ಒಬ್ಬ ಅಮೆರಿಕನ್ ಬರಹಗಾರ ಮಲೇಷ್ಯಾ ಕಡೆಯಿಂದ ಸುಮಾರು 3.9 ಲಕ್ಷ ಡಾಲರ್ ಪಡೆದು, ಅದರಲ್ಲಿ ಒಂದು ಪಾಲನ್ನು ಬೇರೆ ಬರಹಗಾರರಿಗೆ ಹಂಚಿ ಆ ಸರ್ಕಾರದ ಪರ, ವಿರೋಧ ಪಕ್ಷದ ನಾಯಕ ಅನ್ವರ್ ಇಬ್ರಾಹಿಂ ವಿರುದ್ಧ ಬರೆಸಿದ. ಹೆಸರಾಂತ ಪತ್ರಿಕೆಗಳಲ್ಲೂ ವೆಬ್‌ಸೈಟ್‌ಗಳಲ್ಲೂ ಅವು ಬಂದವು, ದುಡ್ಡಿನ ಮಾತು ಎಲ್ಲೂ ಇರಲಿಲ್ಲ. ಮೊದಲು ಇಲ್ಲ ಅಂದವನು 2013ರಲ್ಲಿ ತಾನೇ ನೋಂದಣಿ ಮಾಡಿಸಿ ಲೆಕ್ಕ ಒಪ್ಪಿಸಿದ. ಅಷ್ಟರಲ್ಲಿ ಆ ಲೇಖನಗಳನ್ನು ಓದಿದವರು ಓದಿ ಮರೆತಾಗಿತ್ತು, ಅಭಿಪ್ರಾಯ ಮಾತ್ರ ಉಳಿದಿತ್ತು. ನನ್ನ ತಕರಾರು ಇದೊಂದೇ.

ಪ್ರಶ್ನೆ: ಇಷ್ಟು ದುಡ್ಡು ಹಾಕಿದರೆ ಕೆಲಸ ಆಗೇ ಆಗುತ್ತದಾ?

ಉತ್ತರ: ಎಷ್ಟೋ ಸಲ ಆಗುವುದಿಲ್ಲ. ಗಡಾಫಿಯ ಲಿಬಿಯಾ 2006ರಿಂದ ಮಾನಿಟರ್ ಗ್ರೂಪ್ ಎಂಬ ಅಮೆರಿಕದ ಸಲಹಾ ಕಂಪನಿಗೆ ಲಕ್ಷಗಟ್ಟಲೆ ಡಾಲರ್ ಕೊಟ್ಟು, ದೊಡ್ಡ ದೊಡ್ಡ ವಿದ್ವಾಂಸರನ್ನು ಕರೆಸಿಕೊಂಡು ಗಡಾಫಿಯ ಜೊತೆ ಮಾತಿಗೆ ಕೂರಿಸಿತು. 2011ರಲ್ಲಿ ಜನ ದಂಗೆ ಎದ್ದಾಗ ಅದ್ಯಾವುದೂ ಕೆಲಸಕ್ಕೆ ಬರಲಿಲ್ಲ, ಕಂಪನಿಯೇ ತಪ್ಪಾಯಿತು ಅಂದಿತು. ಅದೇ ವರ್ಷ ವೋಗ್ ಎಂಬ ಫ್ಯಾಷನ್ ಪತ್ರಿಕೆಯಲ್ಲಿ ಸಿರಿಯಾ ಅಧ್ಯಕ್ಷ ಅಸಾದರ ಹೆಂಡತಿಯನ್ನು ಹೊಗಳಿದ ಲೇಖನ ಬಂತು. ಅದಕ್ಕೆ ಓಡಾಡಿದ ಕಂಪನಿಗೆ ತಿಂಗಳಿಗೆ 5,000 ಡಾಲರ್. ಲೇಖನದ ಶಾಯಿ ಒಣಗುವ ಮುಂಚೆ ಸಿರಿಯಾದಲ್ಲಿ ಪ್ರತಿಭಟನಾಕಾರರ ಮೇಲೆ ಗುಂಡು ಹಾರಿತು, ಪತ್ರಿಕೆ ತನ್ನ ವೆಬ್‌ಸೈಟ್‌ನಿಂದ ಅದನ್ನು ತೆಗೆದುಹಾಕಿತು. ಇಡೀ ಜನರ ಮನಸ್ಸು ತಿರುಗಿಸುವುದು ಕಷ್ಟ. ಆದರೆ ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ವಿಷಯದಲ್ಲಿ, ಹತ್ತಿಪ್ಪತ್ತು ಸಂಸದರ ಮನಸ್ಸು ತಿರುಗಿದರೆ ಸಾಕು ಅನ್ನುವ ಕಡೆ, ಈ ದುಡ್ಡು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಪ್ರಶ್ನೆ: ಈಗ ಪತ್ರಿಕೆ ಓದುವವರು ಕಡಿಮೆ. ಹಾಗಾದರೆ ಇವರ ಕಾಲ ಮುಗಿಯಿತಾ?

ಉತ್ತರ: ಇಲ್ಲ, ಇವರೂ ಜನ ಇರುವ ಕಡೆಗೇ ಹೋಗಿದ್ದಾರೆ. ಬೀಜಿಂಗ್ 2022ರ ಚಳಿಗಾಲದ ಒಲಿಂಪಿಕ್ಸ್‌ಗೆ ಮುಂಚೆ ನ್ಯೂಯಾರ್ಕಿನ ಚೀನಾ ದೂತಾವಾಸ ವಿಪ್ಪಿ ಮೀಡಿಯಾ ಎಂಬ ಕಂಪನಿಗೆ 3 ಲಕ್ಷ ಡಾಲರ್ ಕೊಟ್ಟು ಇನ್‌ಸ್ಟಾಗ್ರಾಮ್, ಟಿಕ್‌ಟಾಕ್‌ನ ಜನಪ್ರಿಯ ಮುಖಗಳಿಂದ ಪೋಸ್ಟ್ ಹಾಕಿಸಲು ಒಪ್ಪಂದ ಮಾಡಿಕೊಂಡಿತು. ಅದು ದಾಖಲೆಯಲ್ಲಾದರೂ ಇತ್ತು. ಇನ್ನೊಂದು ಹೆಚ್ಚು ಚಿಂತೆ ಹುಟ್ಟಿಸುವಂಥದ್ದು. 2020ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಒಂದು ಜಾಲವನ್ನು ಕಿತ್ತುಹಾಕಿ, ಅದು ವಾಷಿಂಗ್ಟನ್‌ನ ಸಿಎಲ್‌ಎಸ್ ಸ್ಟ್ರಾಟಜೀಸ್ ಎಂಬ ಪಿಆರ್ ಕಂಪನಿಗೆ ಸೇರಿದ್ದು ಅಂತ ಹೇಳಿತು. ಬೊಲಿವಿಯಾ, ವೆನೆಜುವೆಲಾ, ಮೆಕ್ಸಿಕೊದ ಜನರನ್ನು ಗುರಿಯಾಗಿಟ್ಟ ಪುಟಗಳವು. ಸ್ಥಳೀಯ ಸುದ್ದಿತಾಣ, ಸ್ಥಳೀಯ ಸಂಘಟನೆ ಅನ್ನುವ ವೇಷ. ಜಾಹೀರಾತಿಗೇ ಸುಮಾರು 36 ಲಕ್ಷ ಡಾಲರ್ ಖರ್ಚಾಗಿತ್ತು. ಬೊಲಿವಿಯಾದ ಅಂದಿನ ಮಧ್ಯಂತರ ಸರ್ಕಾರದ ಜೊತೆ ಆ ಕಂಪನಿಗೆ ಒಪ್ಪಂದ ಇತ್ತು. ಅಂದರೆ ಸರ್ಕಾರವೊಂದು ವಿದೇಶಿ ಕಂಪನಿ ಇಟ್ಟುಕೊಂಡು ತನ್ನ ಜನರ ಜೊತೆಗೇ ಮಾತಾಡುವ ಸಾಧ್ಯತೆಯೂ ಇದೆ.

ಪ್ರಶ್ನೆ: ನಮ್ಮಂಥ ಸಾಮಾನ್ಯ ಓದುಗರು ಇದನ್ನು ಕಂಡುಹಿಡಿಯುವುದು ಹೇಗೆ?

ಉತ್ತರ: ಅಮೆರಿಕಕ್ಕೆ ಸಂಬಂಧಿಸಿದ್ದಾದರೆ ಒಂದು ಬಾಗಿಲು ತೆರೆದೇ ಇದೆ. ಫಾರಾ ದಾಖಲೆಗಳು ನ್ಯಾಯ ಇಲಾಖೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡುವ ಹಾಗಿವೆ. ದೇಶದ ಹೆಸರು ಹಾಕಿ ಹುಡುಕಿ. ಒಪ್ಪಂದದ ಪ್ರತಿ ಸಿಗುತ್ತದೆ, ತಿಂಗಳಿಗೆ ಎಷ್ಟು ಅಂತ ಸಿಗುತ್ತದೆ, ಆರು ತಿಂಗಳಿಗೊಮ್ಮೆ ಕೊಟ್ಟ ಲೆಕ್ಕದಲ್ಲಿ ಯಾವ ದಿನ ಯಾವ ಸಂಸದರ ಕಚೇರಿಗೆ ಇಮೇಲ್ ಹೋಯಿತು, ಯಾವ ಪತ್ರಕರ್ತರಿಗೆ ಫೋನ್ ಹೋಯಿತು, ವಿಷಯ ಏನು ಅನ್ನುವ ಪಟ್ಟಿ ಸಿಗುತ್ತದೆ. ಒಂದು ಸಲ ಕೂತು ನೋಡಿ. ನೀವು ಓದಿದ ಸುದ್ದಿಯೊಂದರ ತಾರೀಖಿಗೆ ಎರಡು ದಿನ ಮುಂಚೆ ಹೋದ ಫೋನ್ ಕರೆ ಅಲ್ಲಿ ಕಂಡರೆ ಆಶ್ಚರ್ಯ ಪಡಬೇಡಿ. ಆಸ್ಟ್ರೇಲಿಯಾ 2018ರಲ್ಲಿ, ಬ್ರಿಟನ್ 2025ರ ಜುಲೈನಲ್ಲಿ ಇಂಥದ್ದೇ ನೋಂದಣಿ ಶುರು ಮಾಡಿದವು.

ಬಾಗಿಲು ತೆರೆದಿದ್ದರೂ ಎಲ್ಲರೂ ಅದರೊಳಗಿಂದಲೇ ಬರುವುದಿಲ್ಲ. ಉಕ್ರೇನ್ ಅಧ್ಯಕ್ಷರಾಗಿದ್ದ ಯಾನುಕೋವಿಚ್ ಪರ ಕೆಲಸ ಮಾಡಿದ, ಅಮೆರಿಕದ ರಾಜಕೀಯ ಸಲಹೆಗಾರ ಪಾಲ್ ಮ್ಯಾನಫೋರ್ಟ್ ತಂಡ ಬ್ರಸೆಲ್ಸ್‌ನಲ್ಲಿದ್ದ ಒಂದು ‘ಸ್ವತಂತ್ರ’ ಕೇಂದ್ರವನ್ನು ಮುಂದಿಟ್ಟುಕೊಂಡು ವಾಷಿಂಗ್ಟನ್‌ನ ಎರಡು ಕಂಪನಿಗಳನ್ನು ನೇಮಿಸಿತ್ತು. ಗಿರಾಕಿ ಸರ್ಕಾರವಲ್ಲ, ಆ ಕೇಂದ್ರ ಅಂತ ತೋರಿಸಿದರೆ ಫಾರಾಗಿಂತ ಸಡಿಲವಾದ ಇನ್ನೊಂದು ಕಾನೂನಿನಡಿ ನೋಂದಣಿ ಮಾಡಿಸಬಹುದಿತ್ತು. ಯುರೋಪಿನ ಮಾಜಿ ರಾಜಕಾರಣಿಗಳ ಗುಂಪೊಂದಕ್ಕೆ 20 ಲಕ್ಷ ಯೂರೊಗಿಂತ ಹೆಚ್ಚು ಹೋಗಿತ್ತು, ಅವರು ಸ್ವಂತ ಅಭಿಪ್ರಾಯ ಎನ್ನುವ ಹಾಗೆ ಮಾತಾಡಿದ್ದರು. 2018ರಲ್ಲಿ ಮ್ಯಾನಫೋರ್ಟ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಹಾಗಾಗಿ ಲೇಖಕರ ಹೆಸರಿನ ಕೆಳಗೆ ‘ಹಿರಿಯ ಸಂಶೋಧಕರು’ ಅಂತಿದ್ದರೆ ಯಾವ ಸಂಸ್ಥೆ, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಹುಡುಕಿ. ಆ ವಿವರ ಎಲ್ಲೂ ಸಿಗದಿದ್ದರೆ ಅದನ್ನೂ ಒಂದು ಸುಳಿವು ಅಂತ ಇಟ್ಟುಕೊಳ್ಳಿ. ಸಂಪಾದಕರಿಗೆ ಪತ್ರ ಬರೆದು ಕೇಳಿ, ಓದುಗರು ಕೇಳಿದರೆ ಸಂಪಾದಕರು ಎಚ್ಚರವಾಗುತ್ತಾರೆ. ನನ್ನ ಪುಟದಲ್ಲಿ ಆ ಲೇಖನ ಬಂದಾಗ ಯಾರಾದರೂ ಒಬ್ಬರು ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ವಿದೇಶದ ದೊಡ್ಡ ಪಿಆರ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಗಿರಾಕಿಗಳಲ್ಲಿ ಸರ್ಕಾರಗಳೂ ಇವೆಯಂತೆ. ನಿಮ್ಮ ಬರಹ ಓದಿ ಅವಳೂ ಗೊಂದಲದಲ್ಲಿದ್ದಾಳೆ. ಹೋಗು ಅನ್ನಲಾ, ಬೇಡ ಅನ್ನಲಾ?

ಉತ್ತರ: ಅಮ್ಮಾ, ಆ ವೃತ್ತಿಯಲ್ಲಿ ಮರ್ಯಾದೆಯಿಂದ ದುಡಿಯುವವರು ಬೇಕಾದಷ್ಟಿದ್ದಾರೆ. ಲಸಿಕೆ ಹಾಕಿಸಿಕೊಳ್ಳಿ ಅನ್ನುವ ಪ್ರಚಾರವೂ ಪಿಆರ್ ಕೆಲಸವೇ. ಆದರೆ ಬೆಲ್ ಪಾಟಿಂಜರ್ ಕಥೆ ಮಗಳಿಗೆ ಹೇಳಿ. ಲಂಡನ್ನಿನ ಪ್ರಭಾವಿ ಕಂಪನಿ, ಸರ್ಕಾರಗಳೂ ಅದರ ಗಿರಾಕಿಗಳಾಗಿದ್ದವು. ದಕ್ಷಿಣ ಆಫ್ರಿಕಾದಲ್ಲಿ ಅಧ್ಯಕ್ಷ ಜೂಮಾಗೆ ಹತ್ತಿರವಿದ್ದ ಗುಪ್ತಾ ಕುಟುಂಬದ ಕಂಪನಿಗಾಗಿ ತಿಂಗಳಿಗೆ 1 ಲಕ್ಷ ಪೌಂಡ್ ಪಡೆದು ಅದು ನಡೆಸಿದ ಪ್ರಚಾರ ಅಲ್ಲಿನ ಕರಿಯರು ಬಿಳಿಯರ ನಡುವಿನ ಹಳೆಯ ಗಾಯವನ್ನು ಕೆದಕಿತು. 2017ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪಿಆರ್ ಕಂಪನಿಗಳ ಸಂಘವೇ ಅದನ್ನು ಹೊರಹಾಕಿತು, ಕೆಲವೇ ದಿನಗಳಲ್ಲಿ ಕಂಪನಿ ಮುಳುಗಿತು. ಆ ಪ್ರಚಾರದ ಬಗ್ಗೆ ಏನೂ ಗೊತ್ತಿಲ್ಲದೆ ಪಕ್ಕದ ಮೇಜಿನಲ್ಲಿ ಬೇರೆ ಕೆಲಸ ಮಾಡುತ್ತಿದ್ದ ಎಳೆಯರೂ ಬೀದಿಗೆ ಬಂದರು.

ಸೇರುವ ಮುಂಚೆ ಅವಳು ಎರಡು ವಿಷಯ ಕೇಳಲಿ, ಬಾಯಿಮಾತಲ್ಲಿ ಅಲ್ಲ, ಇಮೇಲ್‌ನಲ್ಲಿ. ನಾನು ಬರೆದದ್ದು ಹೊರಗೆ ಹೋಗುವಾಗ ಗಿರಾಕಿಯ ಹೆಸರು ಅದರ ಮೇಲೆ ಇರುತ್ತದಾ? ಒಂದು ಗಿರಾಕಿಯ ಕೆಲಸ ಮನಸ್ಸಿಗೆ ಒಪ್ಪದಿದ್ದರೆ ಬೇಡ ಅನ್ನಬಹುದಾ? ಎರಡಕ್ಕೂ ನೇರ ಉತ್ತರ ಬಂದರೆ ಹೋಗಲಿ, ಚೆನ್ನಾಗಿ ಕೆಲಸ ಕಲಿಯಲಿ. ಬಂದ ಉತ್ತರವನ್ನು ನನಗೂ ಕಳಿಸಿ, ಕಂಪನಿಯ ಹೆಸರು ತೆಗೆದು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.